ಎದೆಯ ಮೇಲಿನ ಕೆಂಪು ಹೂವು ಯಾರ ಆಯ್ಕೆ?

ಪ್ರಶ್ನೆ: ಪ್ರತಿ ನವೆಂಬರ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಂದ್ಯಗಳನ್ನು ಟಿ.ವಿ.ಯಲ್ಲಿ ನೋಡುವಾಗ ಆಟಗಾರರ ಜೆರ್ಸಿಯ ಮೇಲೆ ಒಂದು ಕೆಂಪು ಹೂವಿನ ಗುರುತು ಕಾಣುತ್ತದೆ. ಅದನ್ನು ಧರಿಸಲು ಒಪ್ಪದ ಆಟಗಾರರೊಬ್ಬರನ್ನು ಪ್ರೇಕ್ಷಕರು ಹೀಯಾಳಿಸುತ್ತಾರೆಂದೂ ಓದಿದ್ದೇನೆ. ಮಡಿದವರ ನೆನಪಿಗಾಗಿ ಹುಟ್ಟಿದ ಗುರುತು ಇಷ್ಟೊಂದು ರಾಜಕೀಯವಾದದ್ದು ಹೇಗೆ? ಇಂಥವನ್ನೆಲ್ಲ ಮೈದಾನದಿಂದ ಪೂರ್ತಿಯಾಗಿ ದೂರವಿಡುವುದೇ ಒಳ್ಳೆಯದಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಆ ಹೂವಿನ ಹೆಸರು ಪಾಪ್ಪಿ. ನಮ್ಮ ಅಡುಗೆಮನೆಯ ಗಸಗಸೆಯ ಕುಲಕ್ಕೇ ಸೇರಿದ, ಯುರೋಪಿನ ಹೊಲಗದ್ದೆಗಳಲ್ಲಿ ತಾನಾಗಿಯೇ ಅರಳುವ ಹೂವು ಅದು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಗುಂಡುಗಳು ಬಗೆದುಹಾಕಿದ್ದ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ನೆಲದಲ್ಲಿ, ಸೈನಿಕರ ಸಮಾಧಿಗಳ ನಡುವೆಯೂ ಅದು ಅರಳಿತು. ಯುದ್ಧ ನಿಂತದ್ದು 1918ರ ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ. 1921ರಿಂದ ಬ್ರಿಟನ್ನಿನ ಮಾಜಿ ಸೈನಿಕರ ಸಂಘವಾದ ಬ್ರಿಟಿಷ್ ಲೀಜನ್ ಈ ಹೂವಿನ ಪ್ರತಿಕೃತಿಗಳನ್ನು ಮಾರಿ, ಗಾಯಾಳುಗಳಿಗೂ ಮಡಿದವರ ಕುಟುಂಬಗಳಿಗೂ ನೆರವಾಗಲು ಹಣ ಸಂಗ್ರಹಿಸತೊಡಗಿತು. ನಮ್ಮಲ್ಲಿ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಡಬ್ಬಿಗೆ ಕಾಸು ಹಾಕಿ ಅಂಗಿಗೆ ಪುಟ್ಟ ಧ್ವಜವನ್ನು ಚುಚ್ಚಿಕೊಳ್ಳುವ ರೂಢಿಯಿದೆಯಲ್ಲ, ಪಾಪ್ಪಿಯ ಮೂಲ ಸ್ವರೂಪವೂ ಹೆಚ್ಚುಕಡಿಮೆ ಅದೇ.

ಹೀಗೆ ಕೊಂಡು ಚುಚ್ಚಿಕೊಳ್ಳುವವನು ತನ್ನ ಮನಸ್ಸಿನಿಂದಲೇ ಅದನ್ನು ಮಾಡುತ್ತಾನೆ. ಚುಚ್ಚಿಕೊಳ್ಳದವನನ್ನು ಯಾರೂ ಗಮನಿಸುವುದಿಲ್ಲ. ಆದರೆ ಕ್ಲಬ್ಬೊಂದು ಹನ್ನೊಂದೂ ಆಟಗಾರರ ಜೆರ್ಸಿಯ ಮೇಲೆ ಹೂವನ್ನು ಹೊಲಿಸಿಬಿಟ್ಟಾಗ ಆಯ್ಕೆಯ ದಿಕ್ಕೇ ಬದಲಾಗುತ್ತದೆ. ಧರಿಸಲು ಏನನ್ನೂ ಮಾಡಬೇಕಾಗಿಲ್ಲ, ಧರಿಸದಿರಲು ಮಾತ್ರ ಕ್ಲಬ್ಬಿಗೆ ಹೇಳಿ ಬೇರೆ ಜೆರ್ಸಿ ತರಿಸಿಕೊಳ್ಳಬೇಕು ಮತ್ತು ಸಾವಿರಾರು ಜನರ ಮುಂದೆ ಕಾರಣ ಒಪ್ಪಿಸಬೇಕು. ಜೆರ್ಸಿಗೆ ಹೂವನ್ನು ಹೊಲಿಯುವ ಈ ಪದ್ಧತಿ ವ್ಯಾಪಕವಾದದ್ದು ಕಳೆದ ಎರಡು ದಶಕಗಳಲ್ಲಿ. ರಾಜಕೀಯ ಒಳಹೊಕ್ಕದ್ದು ಈ ಬಾಗಿಲಿನಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀವು ಓದಿರುವ ಆಟಗಾರ ಬಹುಶಃ ಜೇಮ್ಸ್ ಮೆಕ್ಲೀನ್ ಇರಬೇಕು. ಅವರು ಉತ್ತರ ಐರ್ಲೆಂಡಿನ ಡೆರ್ರಿ ನಗರದ ಕ್ರೆಗನ್ ಬಡಾವಣೆಯವರು. 1972ರ ಜನವರಿ 30ರಂದು ಅದೇ ನಗರದಲ್ಲಿ ನಾಗರಿಕ ಹಕ್ಕುಗಳಿಗಾಗಿ ನಡೆದ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಹದಿಮೂರು ಜನರನ್ನು ಕೊಂದರು. ಗಾಯಗೊಂಡಿದ್ದ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಸತ್ತವರಲ್ಲಿ ಹಲವರು ಕ್ರೆಗನ್‌ನವರೇ. ಆ ಹತ್ಯೆಗಳಿಗೆ ಸಮರ್ಥನೆಯೇ ಇಲ್ಲವೆಂದು ಒಪ್ಪಿಕೊಂಡು ಬ್ರಿಟನ್ನಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರಲ್ಲಿ, ಅಂದರೆ ಮೂವತ್ತೆಂಟು ವರ್ಷಗಳ ನಂತರ. ಮೆಕ್ಲೀನ್ 2014ರಲ್ಲಿ ವಿಗನ್ ಕ್ಲಬ್ಬಿನಲ್ಲಿದ್ದಾಗ ಅದರ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು, ಎರಡು ಮಹಾಯುದ್ಧಗಳಲ್ಲಿ ಮಡಿದವರ ಬಗ್ಗೆ ತನಗೆ ಪೂರ್ಣ ಗೌರವವಿದೆಯೆಂದೂ, ಹೂವು ಅವರಿಗಷ್ಟೇ ಸಲ್ಲುವುದಾಗಿದ್ದರೆ ಧರಿಸುತ್ತಿದ್ದೆನೆಂದೂ, ಆದರೆ ಅದು ನಂತರದ ಸಂಘರ್ಷಗಳಲ್ಲಿ ಮಡಿದ ಸೈನಿಕರನ್ನೂ ಒಳಗೊಳ್ಳುವುದರಿಂದ ತನ್ನ ಊರಿನವರಿಗೆ ಅಗೌರವವಾಗುತ್ತದೆಂದೂ ವಿವರಿಸಿದರು. ಅದನ್ನು ಓದಿದ ಮೇಲೂ ಅವರನ್ನು ಹೀಯಾಳಿಸುವುದು ಹೇಗೆ ಸಾಧ್ಯವಾಯಿತೆಂಬುದು ನನಗೆ ಅರ್ಥವಾಗುವುದಿಲ್ಲ. 2018ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಸರ್ಬಿಯಾದ ಆಟಗಾರ ನೆಮಾನ್ಯಾ ಮಾಟಿಚ್ ಕೂಡ ಪಾಪ್ಪಿ ಧರಿಸಲಿಲ್ಲ. 1999ರಲ್ಲಿ, ಪುಟ್ಟ ಹುಡುಗನಾಗಿದ್ದಾಗ, ತನ್ನ ಹಳ್ಳಿಯ ಮೇಲೆ ನೇಟೋ ಬಾಂಬ್ ಹಾಕಿದ ನೆನಪು ಅವರದಾಗಿತ್ತು.

ಇನ್ನೊಂದು ಕಡೆಯ ನೋವೂ ಸಣ್ಣದಲ್ಲ. 1987ರ ನವೆಂಬರ್ 8ರಂದು, ಉತ್ತರ ಐರ್ಲೆಂಡಿನದೇ ಎನಿಸ್ಕಿಲ್ಲೆನ್ ಪಟ್ಟಣದಲ್ಲಿ, ಮಡಿದವರ ಸ್ಮರಣೆಗೆಂದು ಯುದ್ಧ ಸ್ಮಾರಕದ ಬಳಿ ನೆರೆದಿದ್ದ ಜನರ ಪಕ್ಕದಲ್ಲೇ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆಯಾದ ಐ.ಆರ್.ಎ. ಇಟ್ಟ ಬಾಂಬ್ ಸಿಡಿದು ಹನ್ನೊಂದು ಜನ ಸತ್ತರು. ಅಲ್ಲಿನವರಿಗೆ ಪಾಪ್ಪಿ ಧರಿಸುವುದು ಹೆದರದೆ ಬದುಕುತ್ತೇವೆಂದು ಹೇಳುವ ಬಗೆ. ಎರಡೂ ಕಡೆಯವರು ಹೇಳುತ್ತಿರುವುದು ನಿಜವಾಗಿರುವಾಗ ಫುಟ್‌ಬಾಲ್ ಕ್ಲಬ್ಬೊಂದು ಎಲ್ಲರ ಪರವಾಗಿ ತಾನೇ ತೀರ್ಮಾನಿಸುವುದು ಸರಿಯಲ್ಲ.

ಫಿಫಾ ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ ದಾರಿ. ಉಡುಪಿನ ಮೇಲೆ ರಾಜಕೀಯ, ಧಾರ್ಮಿಕ ಅಥವಾ ವೈಯಕ್ತಿಕ ಸಂದೇಶಗಳಿರಬಾರದೆಂಬ ನಿಯಮವನ್ನು ಮುಂದಿಟ್ಟು 2011ರಲ್ಲಿ ಅದು ಇಂಗ್ಲೆಂಡ್ ತಂಡದ ಜೆರ್ಸಿಯ ಮೇಲೆ ಪಾಪ್ಪಿಗೆ ಒಪ್ಪಲಿಲ್ಲ. ಪ್ರಧಾನಿಯೂ ರಾಜಕುಮಾರ ವಿಲಿಯಂ ಅವರೂ ಪತ್ರ ಬರೆದ ನಂತರ ತೋಳಿನ ಕಪ್ಪು ಪಟ್ಟಿಯ ಮೇಲೆ ಧರಿಸಲು ಬಿಟ್ಟಿತು. 2016ರ ನವೆಂಬರ್ 11ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಅದೇ ರೀತಿ ಪಟ್ಟಿ ಧರಿಸಿ ಆಡಿದಾಗ ಮಾತ್ರ ಇಂಗ್ಲೆಂಡಿಗೆ 45,000 ಸ್ವಿಸ್ ಫ್ರಾಂಕ್, ಸ್ಕಾಟ್ಲೆಂಡಿಗೆ 20,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಅದೇ ವರ್ಷ ಐರ್ಲೆಂಡ್ ಗಣರಾಜ್ಯದ ತಂಡ 1916ರ ಈಸ್ಟರ್ ದಂಗೆಯ ಶತಮಾನದ ನೆನಪಿಗೆ ಜೆರ್ಸಿಯ ಮೇಲೆ ಒಂದು ಲಾಂಛನ ಹಾಕಿಕೊಂಡಿತ್ತು. ಅದಕ್ಕೂ ದಂಡ ಬಿತ್ತು. ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಬ್ರಿಟಿಷ್ ಸೇನೆಯಲ್ಲಿದ್ದು ಮಡಿದವರ ಹೂವು ರಾಜಕೀಯವಲ್ಲವೆಂದಾದರೆ, ಬ್ರಿಟಿಷ್ ಸೇನೆಯ ವಿರುದ್ಧ ಎದ್ದು ಮಡಿದವರ ಲಾಂಛನ ಮಾತ್ರ ರಾಜಕೀಯವಾಗುವುದು ಹೇಗೆ? ಫಿಫಾದ ದಂಡ ಒರಟಾಗಿತ್ತು, ಆದರೆ ಅದರ ಹಿಂದಿದ್ದ ಈ ಪ್ರಶ್ನೆ ನ್ಯಾಯವಾದದ್ದೇ. 2017ರಲ್ಲಿ ನಿಯಮವನ್ನು ಸಡಿಲಿಸಿ, ಎದುರಾಳಿ ತಂಡವೂ ಪಂದ್ಯದ ಆಯೋಜಕರೂ ಒಪ್ಪಿದರೆ ಇಂಥ ಗುರುತುಗಳನ್ನು ಧರಿಸಬಹುದೆಂದು ಹೇಳಲಾಯಿತು. ಆ ನವೆಂಬರ್‌ನಲ್ಲಿ ಇಂಗ್ಲೆಂಡಿನೊಡನೆ ಆಡಿದ ಜರ್ಮನಿಯ ಆಟಗಾರರೂ ಪಾಪ್ಪಿ ಇದ್ದ ಕಪ್ಪು ಪಟ್ಟಿ ಧರಿಸಿದ್ದರು. ಎರಡು ಮಹಾಯುದ್ಧಗಳಲ್ಲಿ ಶತ್ರುವಾಗಿದ್ದ ದೇಶದವರನ್ನು ಯಾರೂ ಒತ್ತಾಯಿಸಿರಲಿಲ್ಲವೆಂಬುದೇ ಅವರ ನಡೆಗೆ ಅಷ್ಟು ತೂಕ ತಂದಿತು.

ಆದ್ದರಿಂದ, ಮೈದಾನದಿಂದ ಪೂರ್ತಿಯಾಗಿ ದೂರವಿಡಬೇಕೆಂಬ ನಿಮ್ಮ ಸಲಹೆಯನ್ನು ನಾನು ಒಪ್ಪಲಾರೆ. ಪಂದ್ಯಕ್ಕೆ ಮುಂಚೆ ಮೌನಾಚರಣೆ ನಡೆಯಲಿ, ಹೂಚಕ್ರ ಇಡಲಿ, ಬಯಸಿದ ಆಟಗಾರ ತನ್ನ ತೋಳಿಗೆ ಪಟ್ಟಿ ಕಟ್ಟಿಕೊಳ್ಳಲಿ. ಹೊಲಿದ ಜೆರ್ಸಿಯನ್ನು ಕೈಬಿಡಬೇಕು, ಅಷ್ಟೇ.

ಪ್ರಶ್ನೆ: 2019ರ ವಿಶ್ವಕಪ್‌ನಲ್ಲಿ ಧೋನಿಯವರ ಗ್ಲೌಸ್ ಮೇಲಿದ್ದ ಸೇನಾ ಚಿಹ್ನೆಯನ್ನು ಐಸಿಸಿ ತೆಗೆಸಿತು. ಅದೇ ವರ್ಷ ನಮ್ಮ ತಂಡ ಸೇನೆಯ ಮಾದರಿಯ ಟೋಪಿ ಧರಿಸಿ ಆಡಿದಾಗ ಏನೂ ಹೇಳಲಿಲ್ಲ. ಇದು ದ್ವಂದ್ವ ನೀತಿಯಲ್ಲವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕಾಗದದ ಮೇಲೆ ವ್ಯತ್ಯಾಸವಿದೆ. ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಯೋಧರು ಮಡಿದ ನಂತರ, ಮಾರ್ಚ್ 8ರಂದು ರಾಂಚಿಯಲ್ಲಿ ಟೋಪಿ ಧರಿಸುವ ಮೊದಲು ಬಿಸಿಸಿಐ ಅನುಮತಿ ಪಡೆದಿತ್ತು. ಆಟಗಾರರು ಪಂದ್ಯದ ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. ಪಾಕಿಸ್ತಾನದ ಮಂಡಳಿ ಆಕ್ಷೇಪಿಸಿದಾಗ ಐಸಿಸಿ ಈ ಅನುಮತಿಯನ್ನೇ ಮುಂದಿಟ್ಟಿತು. ಪ್ಯಾರಾಶೂಟ್ ರೆಜಿಮೆಂಟ್‌ನಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವ ಧೋನಿಯವರ ಗ್ಲೌಸ್ ಮೇಲಿನ ‘ಬಲಿದಾನ್’ ಚಿಹ್ನೆಗೆ ಮುಂಚಿತ ಅನುಮತಿ ಇರಲಿಲ್ಲ. ಅದು ವೈಯಕ್ತಿಕ ಸಂದೇಶವೆಂದೂ, ವಿಕೆಟ್ ಕೀಪರ್ ಗ್ಲೌಸ್ ಮೇಲೆ ಏನಿರಬಹುದೆಂಬ ನಿಯಮವನ್ನು ಮೀರುತ್ತದೆಂದೂ ಐಸಿಸಿ ಹೇಳಿತು. ಧೋನಿ ತೆಗೆದರು, ವಿಷಯ ಅಲ್ಲಿಗೆ ಮುಗಿಯಿತು.

ಆದರೂ ನಿಮ್ಮ ಅಸಮಾಧಾನಕ್ಕೆ ಆಧಾರವಿದೆ, ಮತ್ತು ಅದು ನಮ್ಮ ತಂಡಕ್ಕಷ್ಟೇ ಸಂಬಂಧಿಸಿದ್ದಲ್ಲ. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖವಾಜಾ, ಗಾಜಾದ ಯುದ್ಧದ ಹಿನ್ನೆಲೆಯಲ್ಲಿ, ಎಲ್ಲ ಜೀವಗಳೂ ಸಮಾನವೆಂಬ ಬರಹವಿದ್ದ ಬೂಟು ಧರಿಸಿ ಪರ್ತ್ ಟೆಸ್ಟ್ ಆಡಲು ಬಯಸಿದಾಗ ಐಸಿಸಿ ಒಪ್ಪಲಿಲ್ಲ. ಅವರು ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದ್ದಕ್ಕೂ ವಾಗ್ದಂಡನೆ ಸಿಕ್ಕಿತು. ಮುಂದಿನ ಪಂದ್ಯಕ್ಕೆ ಪಾರಿವಾಳದ ಪುಟ್ಟ ಚಿತ್ರವನ್ನು ಕೇಳಿದರೂ ಸಿಗಲಿಲ್ಲ. ಮಂಡಳಿಯ ಬೆಂಬಲವಿದ್ದ ಸ್ಮರಣೆಗೆ ದಾರಿ ತೆರೆಯುತ್ತದೆ, ಒಬ್ಬನೇ ನಿಂತು ಮಾಡುವ ಸ್ಮರಣೆಗೆ ಮುಚ್ಚುತ್ತದೆ. ಯಾವುದು ರಾಜಕೀಯ ಎಂಬ ತೀರ್ಮಾನವನ್ನು ಅನುಮತಿ ಪತ್ರಕ್ಕೆ ಒಪ್ಪಿಸಿದರೆ ಬಲವಿದ್ದವರ ದುಃಖ ಮಾತ್ರ ಮೈದಾನಕ್ಕೆ ಬರುತ್ತದೆ. ಪುಲ್ವಾಮಾದ ಯೋಧರಿಗಾಗಿ ಧರಿಸಿದ ಟೋಪಿಯನ್ನು ಮೆಚ್ಚಿದ ನಾವು ಖವಾಜಾ ಅವರ ಕಪ್ಪು ಪಟ್ಟಿಯನ್ನೂ ಅದೇ ಮನಸ್ಸಿನಿಂದ ನೋಡಬೇಕೆಂದು ನನಗನಿಸುತ್ತದೆ.

ಪ್ರಶ್ನೆ: ನಾವು ಮೈಸೂರಿನವರು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಹದಿಮೂರು ವರ್ಷದ ನಮ್ಮ ಮಗ ಬಡಾವಣೆಯ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ನವೆಂಬರ್‌ನ ಪಂದ್ಯಕ್ಕೆ ಎಲ್ಲ ಮಕ್ಕಳೂ ಪಾಪ್ಪಿ ಧರಿಸಿ ಬರಬೇಕೆಂದು ತರಬೇತುದಾರರು ತಿಳಿಸಿದ್ದಾರೆ. ನಮ್ಮನ್ನು ಆಳಿದ ಸಾಮ್ರಾಜ್ಯದ ಸೇನೆಯ ಗುರುತು ನಮಗೇಕೆ ಎಂದು ನನ್ನ ಪತಿ ಕೇಳುತ್ತಾರೆ. ಧರಿಸದಿದ್ದರೆ ಮಗ ಒಂಟಿಯಾಗುವನೆಂಬ ಚಿಂತೆ ನನಗೆ.
– ಓದುಗರು, ಲೆಸ್ಟರ್

ಉತ್ತರ: ನಿಮ್ಮ ಯಜಮಾನರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, 1919ರಲ್ಲಿ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟವನು ಆ ಸೇನೆಯ ಅಧಿಕಾರಿಯೇ. ಆದರೆ ಆ ಹೂವು ನೆನೆಯುವ ಸತ್ತವರಲ್ಲಿ ನಮ್ಮವರೂ ಇದ್ದಾರೆಂಬುದನ್ನು ಅವರಿಗೆ ತಿಳಿಸಿ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋದರು, ಸುಮಾರು 74,000 ಮಂದಿ ಮರಳಲಿಲ್ಲ. ನಿಮ್ಮ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ ಜೋಧಪುರದ ದಳದೊಂದಿಗೆ 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು; ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ. ಭಾರತೀಯ ಯೋಧರ ನೆನಪಿಗೆಂದೇ ಲೀಜನ್ 2018ರಲ್ಲಿ ಖಾದಿ ಬಟ್ಟೆಯ ಪಾಪ್ಪಿಯನ್ನೂ ತಂದಿತ್ತು. ಯುದ್ಧವನ್ನೇ ಒಪ್ಪದವರಿಗಾಗಿ 1933ರಿಂದ ಬಿಳಿಯ ಪಾಪ್ಪಿಯೂ ಇದೆ.

ಇಷ್ಟನ್ನೂ ಮಗನ ಮುಂದೆ ಇಡಿ, ಜಲಿಯನ್‌ವಾಲಾ ಬಾಗನ್ನೂ ಹೈಫಾವನ್ನೂ ಸೇರಿಸಿ. ಹದಿಮೂರು ವರ್ಷದ ಹುಡುಗನಿಗೆ ಎರಡೂ ಅರ್ಥವಾಗುತ್ತವೆ. ತೀರ್ಮಾನ ಅವನದಾಗಿರಲಿ. ಧರಿಸುವುದು ಕಡ್ಡಾಯವೇ ಎಂದು ತರಬೇತುದಾರರನ್ನು ಪಂದ್ಯಕ್ಕೆ ಕೆಲವು ದಿನ ಮೊದಲೇ, ಇತರ ಮಕ್ಕಳ ಎದುರಿಗಲ್ಲದೆ, ಸೌಜನ್ಯದಿಂದ ಕೇಳಿ. ಪಾಪ್ಪಿ ಧರಿಸುವುದು ಅವರವರ ಸ್ವಂತ ಆಯ್ಕೆಯೆಂದು ಲೀಜನ್ ತಾನೇ ಹೇಳುತ್ತದೆ. ಅಗತ್ಯ ಬಿದ್ದರೆ ಅದನ್ನು ಅವರ ಗಮನಕ್ಕೆ ತನ್ನಿ. ಮಗ ಧರಿಸದಿರಲು ನಿರ್ಧರಿಸಿದರೆ, ಮೌನಾಚರಣೆಯ ಹೊತ್ತಿನಲ್ಲಿ ತಂಡದ ಸಾಲಿನಲ್ಲೇ ನಿಲ್ಲುವನೆಂದು ಅದೇ ಮಾತುಕತೆಯಲ್ಲಿ ತಿಳಿಸಿಬಿಡಿ. ಹಾಗೆ ಮೊದಲೇ ಗೊತ್ತಿದ್ದರೆ ಇತರ ಮಕ್ಕಳು ಪ್ರಶ್ನಿಸಿದಾಗ ಉತ್ತರಿಸುವ ಹೊಣೆ ತರಬೇತುದಾರರದ್ದಾಗುತ್ತದೆ, ಹುಡುಗನೊಬ್ಬನ ಮೇಲೆ ಬೀಳುವುದಿಲ್ಲ.