ವಿಮಾನ ಕಂಪನಿಗಳು ಕೂಡಿಕೊಂಡರೆ ಮಂಗಳೂರಿನಿಂದ ಹೊರಡುವ ದಾರಿಗಳು ಹೆಚ್ಚುತ್ತವೆಯೇ?

ನೀವು ಕೇಳಿರುವುದು ಇದು: ವಿಸ್ತಾರವು ಏರ್ ಇಂಡಿಯಾದೊಳಗೆ ಸೇರಿಹೋಯಿತು, ಇಂಡಿಗೊ ಒಂದರ ಮೇಲೊಂದು ವಿದೇಶಿ ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳುತ್ತಿದೆ, ಮಾರ್ಗಗಳ ಜಾಲವನ್ನು ಬೆಳೆಸಲು ಪಾಲುದಾರಿಕೆ ಮೇಲೋ, ವಿಲೀನ ಮೇಲೋ, ಮತ್ತು ಮಂಗಳೂರಿನಂಥ ಊರಿಗೆ ಇದರಿಂದ ಏನಾದರೂ ದಕ್ಕುತ್ತದೆಯೋ?

ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಮಾಡುವ ಕೆಲಸದಲ್ಲಿದ್ದವನು, ಮನೆ ಉಡುಪಿಯಲ್ಲಿ. ಕಂಪನಿಗಳ ಆಡಳಿತ ಮಂಡಳಿಯಲ್ಲಿ ಕೂತವನಲ್ಲವಾದರೂ, ಅಲ್ಲಿ ಆದ ತೀರ್ಮಾನ ಕೌಂಟರಿನ ಈಚೆಗೆ ಯಾವ ರೂಪದಲ್ಲಿ ಬಂದು ಬೀಳುತ್ತದೆ ಎಂಬುದನ್ನು ದಿನವೂ ನೋಡಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಜಾಲವನ್ನು ನಿಜವಾಗಿ ಹಿಗ್ಗಿಸುವುದು ಪಾಲುದಾರಿಕೆ. ವಿಲೀನವು ಬಹುಪಾಲು ಸಂದರ್ಭಗಳಲ್ಲಿ ಬೇರೆ ದಾರಿಯಲ್ಲಿ ಸಿಗದ ಯಾವುದೋ ಒಂದನ್ನು ಕೊಳ್ಳುವ ಉಪಾಯ. ಕೊಂಡ ಕೆಲವೇ ವರ್ಷಗಳಲ್ಲಿ ನಕ್ಷೆಯಿಂದ ಕೆಲವು ಗೆರೆಗಳು ಅಳಿಸಿಹೋಗುವುದೇ ಹೆಚ್ಚು.

ಮೊದಲು ಲೆಕ್ಕ ನೋಡಿ. ಮುಂಬಯಿಯನ್ನು ಕೇಂದ್ರವಾಗಿಟ್ಟುಕೊಂಡ ಕಂಪನಿಯೊಂದು ಅಲ್ಲಿಂದ 10 ಊರುಗಳಿಗೆ ಹಾರುತ್ತದೆ ಎಂದುಕೊಳ್ಳೋಣ. ಅದು ಮಾರಬಲ್ಲದ್ದು 10 ಟಿಕೆಟ್ ಮಾತ್ರವಲ್ಲ; ಆ ಹತ್ತೂ ಊರುಗಳನ್ನು ಮುಂಬಯಿಯ ಮೂಲಕ ಒಂದಕ್ಕೊಂದು ಜೋಡಿಸಿದರೆ ಇನ್ನೂ 45 ಜೋಡಿಗಳಾಗಿ ಒಟ್ಟು 55 ಆಗುತ್ತದೆ. ಈಗ ಅದೇ ಮುಂಬಯಿಗೆ ಬರುವ ವಿದೇಶಿ ಕಂಪನಿಯೊಂದು ತನ್ನ ಊರಿನಿಂದಾಚೆಗೆ 20 ನಗರಗಳಿಗೆ ಹಾರುತ್ತಿದ್ದರೆ, ಇಬ್ಬರೂ ಕೈಜೋಡಿಸಿದ ಮರುದಿನವೇ ನಮ್ಮ ಹತ್ತು ಊರುಗಳಿಂದ ಆ ಇಪ್ಪತ್ತು ನಗರಗಳಿಗೆ 200 ಹೊಸ ಜೋಡಿಗಳು ಮಾರಾಟಕ್ಕೆ ಬರುತ್ತವೆ. ಅದಕ್ಕಾಗಿ ಒಂದು ವಿಮಾನವನ್ನೂ ಕೊಂಡಿಲ್ಲ, ಒಬ್ಬ ಪೈಲಟ್‌ನನ್ನೂ ನೇಮಿಸಿಲ್ಲ.

ಆದರೆ ಈ 200 ಜೋಡಿಗಳು ಕಾಗದದ ಮೇಲಿದ್ದರೆ ಸಾಲದು ಎಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಬ್ರಹ್ಮಾವರದ ಹಿರಿಯ ಹೆಂಗಸೊಬ್ಬರು ಸೊಸೆಯ ಬಾಣಂತನಕ್ಕೆಂದು ಟೊರೊಂಟೊಗೆ ಹೊರಟಿದ್ದರು. ಮೂರು ಸಾವಿರ ರೂಪಾಯಿ ಉಳಿಯುತ್ತದೆ ಎಂದು ನಾನು ಮಂಗಳೂರು–ಮುಂಬಯಿಗೆ ಒಂದು ಕಂಪನಿಯಲ್ಲಿ, ಮುಂಬಯಿಯಿಂದ ಮುಂದಕ್ಕೆ ಅದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಕಂಪನಿಯಲ್ಲಿ, ಎರಡು ಬೇರೆ ಬೇರೆ ಪಿಎನ್‌ಆರ್, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬುಕಿಂಗ್, ಮಾಡಿಕೊಟ್ಟೆ. ಜುಲೈ ತಿಂಗಳು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಮೋಡ ಇಳಿದು ರನ್‌ವೇ ಕಾಣದೆ, ಬರಬೇಕಾದ ವಿಮಾನ ಮೇಲೆ ನಾಲ್ಕು ಸುತ್ತು ಹಾಕಿ ಬೆಂಗಳೂರಿಗೆ ಹೋಯಿತು. ಅದು ತಿರುಗಿ ಬಂದು ಹೊರಡುವಾಗ ನಾಲ್ಕು ಗಂಟೆ ತಡವಾಗಿತ್ತು. ಮುಂಬಯಿಯಲ್ಲಿ ಅವರು ಬೆಲ್ಟಿನ ಮೇಲಿಂದ ಎರಡು ಸೂಟ್‌ಕೇಸ್, ಹಪ್ಪಳ-ಲೇಹ್ಯ ಕಟ್ಟಿದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿಕೊಂಡು ಇನ್ನೊಂದು ಕೌಂಟರಿಗೆ ಹೋಗುವಷ್ಟರಲ್ಲಿ ಅದು ಮುಚ್ಚಿತ್ತು. ಎರಡನೆಯ ಕಂಪನಿಯ ದೃಷ್ಟಿಯಲ್ಲಿ ಅವರು ಬಾರದೆ ಉಳಿದ ಪ್ರಯಾಣಿಕರು. ಮೊದಲ ಕಂಪನಿಯ ದೃಷ್ಟಿಯಲ್ಲಿ ಮುಂಬಯಿಗೆ ತಲುಪಿದವರು. ಇಬ್ಬರೂ ಕಾನೂನಿನ ಪ್ರಕಾರ ಸರಿಯೇ. ಅವರ ಯಜಮಾನರು ಮರುದಿನ ಆಫೀಸಿಗೆ ಬಂದು ಗಟ್ಟಿ ದನಿ ಕೂಡ ಎತ್ತದೆ, "ಎಂತ ಮಾರಾಯ್ರೇ, ಒಂದೇ ಟಿಕೆಟಿನಲ್ಲಿ ಮಾಡ್ಲಿಕ್ಕೆ ಆಗ್ತಿರ್ಲಿಲ್ವಾ?" ಎಂದರು. ಹೊಸ ಟಿಕೆಟಿನ ಖರ್ಚಿನಲ್ಲಿ ಅರ್ಧವನ್ನು ನಾನು ಹಾಕಿದೆ.

ಪಾಲುದಾರಿಕೆ ಎಂದರೆ ಆ ಯಜಮಾನರು ಕೇಳಿದ ಒಂದೇ ಟಿಕೆಟು. ಅದರಲ್ಲಿ ಮೆಟ್ಟಿಲುಗಳಿವೆ. ಇಂಟರ್‌ಲೈನ್ ಎಂಬ ಮೊದಲ ಮೆಟ್ಟಿಲಿನಲ್ಲಿ ಒಬ್ಬರ ಟಿಕೆಟನ್ನು ಇನ್ನೊಬ್ಬರು ಒಪ್ಪುತ್ತಾರೆ. ಬಜ್ಪೆಯ ಕೌಂಟರಿನಲ್ಲಿ ಕಟ್ಟಿದ ಲಗೇಜಿನ ಚೀಟಿಯಲ್ಲಿ ಮಂಗಳೂರಿನ ಕೋಡು ಐಎಕ್ಸ್‌ಇ, ಮುಂಬಯಿಯ ಬಿಒಎಂ ಮತ್ತು ಕೊನೆಯ ಊರಿನ ಕೋಡು ಒಂದರ ಕೆಳಗೊಂದು ಬರುತ್ತವೆ, ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಗಳದ್ದಾಗುತ್ತದೆ. ಕೋಡ್‌ಶೇರ್ ಎಂಬ ಎರಡನೆಯ ಮೆಟ್ಟಿಲಿನಲ್ಲಿ ಒಬ್ಬರ ವಿಮಾನದ ಮೇಲೆ ಇನ್ನೊಬ್ಬರು ತಮ್ಮ ಹೆಸರು ಮತ್ತು ಸಂಖ್ಯೆಯನ್ನು ಅಂಟಿಸಿ ಮಾರುತ್ತಾರೆ. 2018ರಲ್ಲಿ ಟರ್ಕಿಷ್ ಏರ್‌ಲೈನ್ಸ್ ಜೊತೆ, 2019ರಲ್ಲಿ ಕತಾರ್ ಏರ್‌ವೇಸ್ ಜೊತೆ ಇಂಡಿಗೊ ಮಾಡಿಕೊಂಡದ್ದು ಇದನ್ನೇ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಜಂಟಿ ಉದ್ಯಮ: ಇಂಥ ಮಾರ್ಗದಲ್ಲಿ ಯಾರ ವಿಮಾನ ಹಾರಿದರೂ ಹಣ ಒಂದೇ ತಿಜೋರಿಗೆ ಬೀಳುತ್ತದೆ. ಅಮೆರಿಕದ ನಾರ್ತ್‌ವೆಸ್ಟ್ ಮತ್ತು ನೆದರ್ಲೆಂಡ್ಸಿನ ಕೆಎಲ್‌ಎಂ ಕಂಪನಿಗಳು 1989ರಲ್ಲಿ ಆರಂಭಿಸಿದ ನಂಟು, 1993ರಲ್ಲಿ ಸ್ಪರ್ಧಾ ಕಾನೂನಿನಿಂದ ವಿನಾಯಿತಿ ಸಿಕ್ಕ ಮೇಲೆ, ಈ ಮಾದರಿಗೆ ದಾರಿ ಮಾಡಿತು. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್, ಹಲವು ಕಂಪನಿಗಳು ಕೂಡಿದ ಈ ಒಕ್ಕೂಟಗಳೆಲ್ಲ ದೊಡ್ಡ ಸಭಾಭವನಗಳಿದ್ದಂತೆ. ನಿಜವಾದ ವ್ಯವಹಾರ ನಡೆಯುವುದು ಒಳಗಿನ ಚಿಕ್ಕ ಕೋಣೆಗಳಲ್ಲಿ, ಇಬ್ಬರು ಮೂವರ ನಡುವೆ.

ಅಷ್ಟೆಲ್ಲ ತಾಪತ್ರಯ ಏಕೆ, ದೊಡ್ಡವರು ಚಿಕ್ಕವರನ್ನು ಕೊಂಡುಬಿಡಬಾರದೇ ಎಂದು ನೀವು ಕೇಳಬಹುದು. ದೇಶದ ಗಡಿ ದಾಟಿ ಕೊಳ್ಳಲು ಬಿಡುವುದಿಲ್ಲ ಎಂಬುದೇ ಉತ್ತರ. 1944ರ ಶಿಕಾಗೊ ಒಪ್ಪಂದದಿಂದೀಚೆಗೆ ಪ್ರತಿ ದೇಶವೂ ತನ್ನ ಆಕಾಶಕ್ಕೆ ತಾನೇ ಒಡೆಯ; ಯಾವ ಕಂಪನಿ ಯಾವ ಊರಿಗೆ ವಾರಕ್ಕೆ ಎಷ್ಟು ಸೀಟು ಹಾರಿಸಬಹುದು ಎಂಬುದನ್ನು ಎರಡು ಸರಕಾರಗಳು ಕೂತು ಬರೆಯುತ್ತವೆ, ಮತ್ತು ಆ ಹಕ್ಕು ಆಯಾ ದೇಶದವರ ಒಡೆತನದಲ್ಲಿರುವ ಕಂಪನಿಗೇ ಸಲ್ಲುತ್ತದೆ. ಭಾರತವು 2012ರಲ್ಲಿ ವಿದೇಶಿ ವಿಮಾನ ಕಂಪನಿಗಳಿಗೆ ಬಾಗಿಲು ತೆರೆದಾಗಲೂ ಶೇ 49ರ ಗೆರೆ ಎಳೆದೇ ತೆರೆಯಿತು. ಮಂಗಳೂರಿನವರಿಗೆ ಈ ಮಾತು ಬೇಗ ಅರ್ಥವಾಗಬೇಕು. ನಮ್ಮ ಜಿಲ್ಲೆಗಳ ಎಷ್ಟು ಮನೆಗಳ ಒಲೆ ಗಲ್ಫ್ ದುಡಿಮೆಯಲ್ಲಿ ಉರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ಗಲ್ಫಿನ ಕಂಪನಿಗಳು ತಮ್ಮ ವಿಮಾನವನ್ನು ಬಜ್ಪೆಗೆ ತರುತ್ತಿಲ್ಲ. ಅವು ಇಳಿಯಬಹುದಾದ ಊರುಗಳ ಪಟ್ಟಿಯಲ್ಲಿ ಹೆಸರಿರಬೇಕು. ಪಕ್ಕದ ಕಣ್ಣೂರಿನವರ ದೂರೂ ಅದೇ. ಹಾಗಾಗಿ 2006ರಲ್ಲಿ ದುಬೈಗೆ ಹಾರಾಟ ಆರಂಭಿಸಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥ ನಮ್ಮ ದೇಶದ ಕಂಪನಿಗಳೇ ನಮಗೆ ಗತಿ, ಅಥವಾ ನಮ್ಮವರ ವಿಮಾನದಲ್ಲಿ ಮುಂಬಯಿ, ಬೆಂಗಳೂರಿಗೆ ಹೋಗಿ ಅಲ್ಲಿ ಹೊರಗಿನವರ ವಿಮಾನ ಹತ್ತಬೇಕು. ಆ ಎರಡನೆಯ ದಾರಿಯೇ ಕೋಡ್‌ಶೇರ್.

ಇನ್ನು ವಿಲೀನ. ಕರಾವಳಿಯ ಖಾಸಗಿ ಬಸ್ಸುಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಉಡುಪಿ–ಮಂಗಳೂರು ಮಾರ್ಗದಲ್ಲಿ ಹಳೆಯ ಬಸ್ಸೊಂದನ್ನು ಪರ್ಮಿಟ್ ಸಮೇತ ಕೊಳ್ಳುವವನು ಆ ಡಬ್ಬವನ್ನು ನೋಡಿ ಹಣ ಕೊಡುವುದಿಲ್ಲ. ಬೆಳಿಗ್ಗೆ ಕಾಲೇಜು, ಆಫೀಸಿನವರು ಹೊರಡುವ ಹೊತ್ತಿನ ಆ ಟೈಮಿಂಗಿಗೆ ಕೊಡುತ್ತಾನೆ. ಎರಡು ನಿಮಿಷ ಹಿಂದೆಮುಂದೆ ಆದರೆ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಎದುರು ಜಗಳವೇ ನಡೆಯುತ್ತದೆ. ವಿಮಾನದಲ್ಲಿ ಆ ಟೈಮಿಂಗಿಗೆ ಸ್ಲಾಟ್ ಎಂದು ಹೆಸರು. 2013ರಲ್ಲಿ ಅಬುಧಾಬಿಯ ಎತಿಹಾದ್ ಕಂಪನಿಯು ಜೆಟ್ ಏರ್‌ವೇಸ್‌ನಿಂದ ಲಂಡನ್ನಿನ ಹೀಥ್ರೊದಲ್ಲಿದ್ದ ಮೂರು ಜೋಡಿ ಸ್ಲಾಟ್‌ಗಳಿಗೆ ಕೊಟ್ಟದ್ದು 7 ಕೋಟಿ ಡಾಲರ್. ವಿಮಾನವಿಲ್ಲ, ಸಿಬ್ಬಂದಿಯಿಲ್ಲ, ದಿನದಲ್ಲಿ ಮೂರು ಸಲ ಇಳಿದು ಏರುವ ಹೊತ್ತು ಮಾತ್ರ.

ಕಿಂಗ್‌ಫಿಶರ್ ಕೊಂಡದ್ದು ಇನ್ನೂ ವಿಚಿತ್ರವಾದ ಸರಕನ್ನು. ಆಗಿನ ನಿಯಮದಂತೆ ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನಗಳಿರಬೇಕು. ಕಿಂಗ್‌ಫಿಶರ್ ಶುರುವಾದದ್ದು 2005ರಲ್ಲಿ; ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ. ಡೆಕ್ಕನ್ನಿನೊಡನೆ ಕೂಡಿಕೊಂಡರೆ 2008ಕ್ಕೇ ಐದು ವರ್ಷ ತುಂಬುತ್ತದೆ. ಹಾಗೆಯೇ ಆಯಿತು, 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರು–ಲಂಡನ್ ವಿಮಾನ ಹಾರಿತು. ಎರಡು ವರ್ಷದ ವಯಸ್ಸನ್ನು ಕೊಂಡುಕೊಳ್ಳಲು ಹೋಗಿ, ಅಗ್ಗದ ಟಿಕೆಟಿನ ಇಡೀ ಒಂದು ಕಂಪನಿಯ ನಷ್ಟವನ್ನೂ ಮನೆಗೆ ತಂದುಕೊಂಡಂತಾಯಿತು. 2012ರ ಅಕ್ಟೋಬರಿನಲ್ಲಿ ಎರಡರ ಹಾರಾಟವೂ ನಿಂತಿತ್ತು. ಅದಕ್ಕೆ ವಿಲೀನವೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಹಡಗು ಮುಳುಗುವಾಗ ಹೊರೆ ಎಷ್ಟಿತ್ತು ಎಂಬುದು ಮುಖ್ಯವಾಗುತ್ತದೆ.

ವಿಲೀನದಿಂದ ಜಾಲ ಕುಗ್ಗುವುದು ಹೇಗೆ ಎಂಬುದನ್ನು ನಮ್ಮ ಊರಿನವರಿಗೆ ಬ್ಯಾಂಕುಗಳು ಕಲಿಸಿವೆ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನೊಳಗೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಸೇರಿತು. ಒಂದೇ ಕರಾವಳಿಯ ಕೂಸುಗಳು; ಒಂದೇ ಪೇಟೆಯಲ್ಲಿ ಎರಡಕ್ಕೂ ಶಾಖೆ. ಇಂಥ ಕಡೆ ಕೂಡಿಕೆಯ ಲಾಭ ಬರುವುದು ಹೊಸ ಊರಿಗೆ ಹೋಗುವುದರಿಂದಲ್ಲ, ಎದುರುಬದುರಿನ ಎರಡು ಬಾಗಿಲುಗಳಲ್ಲಿ ಒಂದನ್ನು ಮುಚ್ಚುವುದರಿಂದ. ಅಮೆರಿಕದಲ್ಲಿ ವಿಮಾನ ಕಂಪನಿಗಳು ನಡೆದದ್ದೂ ಇದೇ ದಾರಿಯಲ್ಲಿ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಎಂಬ ವಿಮಾನ ಕಂಪನಿಯನ್ನು ಕೊಂಡಿತು, 2003ರ ಕೊನೆಯ ಹೊತ್ತಿಗೆ ಅದರ ಸೇಂಟ್ ಲೂಯಿಸ್ ನಗರದ ಕೇಂದ್ರ ಬಡಕಲಾಯಿತು. 2008ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಒಂದಾದವು; ಡೆಲ್ಟಾಕ್ಕೆ ಅಟ್ಲಾಂಟಾ ಇರುವಾಗ ಅಷ್ಟೇನೂ ದೂರವಿಲ್ಲದ ಮೆಂಫಿಸ್ ಏಕೆ ಬೇಕು ಎಂಬ ಪ್ರಶ್ನೆ ಎದ್ದು, 2013ರಲ್ಲಿ ಮೆಂಫಿಸ್ ಕೇಂದ್ರವನ್ನು ಮುಚ್ಚಿದರು. ಕಂಪನಿಯ ಲೆಕ್ಕ ಪುಸ್ತಕದಲ್ಲಿ ಅದು ಸರಿಯಾದ ತೀರ್ಮಾನ. ಮೆಂಫಿಸ್ಸಿನ ಮನುಷ್ಯನಿಗೆ ನೇರ ವಿಮಾನ ಹೋಯಿತು, ಅಷ್ಟೆ.

ಗೆರೆಗಳು ಮೇಲಿಂದ ಮೇಲೆ ಬೀಳದೆ ತುದಿಗೆ ತುದಿ ಕೂಡುವಂತಿದ್ದರೆ ವಿಲೀನ ಫಲಿಸಬೇಕು ಎಂದು ವಾದಿಸಬಹುದು. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಕೂಡಿದಾಗ ಹೇಳಿದ್ದು ಅದನ್ನೇ: ಒಬ್ಬರು ವಿದೇಶಕ್ಕೆ, ಇನ್ನೊಬ್ಬರು ದೇಶದೊಳಗೆ, ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಕ್ಕೀತು? ಕೌಂಟರಿನಲ್ಲಿ ಕೂತ ನಮಗೆ ಕಂಡದ್ದು ಬೇರೆ. ಹೆಸರು ಒಂದಾಗಿದ್ದರೂ 2011ರವರೆಗೂ ಎಐ ಮತ್ತು ಐಸಿ ಎಂಬ ಎರಡು ಕೋಡುಗಳು, ಎರಡು ಬುಕಿಂಗ್ ವ್ಯವಸ್ಥೆಗಳು. ಒಳಗೆ ಎರಡು ಸಂಬಳದ ಪಟ್ಟಿ, ಬಡ್ತಿಯ ಎರಡು ಸಾಲು. 2011ರಲ್ಲಿ ಒಂದು ಕಡೆಯ ಪೈಲಟ್‌ಗಳು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದರೆ, 2012ರಲ್ಲಿ ಇನ್ನೊಂದು ಕಡೆಯವರು ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬ ಪ್ರಶ್ನೆಯ ಮೇಲೆ ಸುಮಾರು ಎರಡು ತಿಂಗಳು ಕೆಲಸ ಬಿಟ್ಟರು. ಸ್ಟಾರ್ ಅಲಯನ್ಸ್ ಸೇರುವುದಕ್ಕೂ ಒಂದೇ ಕೋಡು, ಒಂದೇ ವ್ಯವಸ್ಥೆ ಬೇಕಿದ್ದುದರಿಂದ ಆ ಸದಸ್ಯತ್ವ ಸಿಕ್ಕಿದ್ದು 2014ರ ಜುಲೈಯಲ್ಲಿ. ಕೂಡಿದ್ದು ಜಾಲಕ್ಕಾಗಿ, ಆದರೆ ಕೂಡಿಕೆಯ ಜಗಳ ಬಗೆಹರಿಯುವವರೆಗೆ ದೊಡ್ಡ ಜಾಲದ ಬಾಗಿಲು ಮುಚ್ಚಿಯೇ ಇತ್ತು.

ನಡುದಾರಿಯಾಗಿ ಷೇರು ಕೊಳ್ಳುವವರೂ ಇದ್ದಾರೆ, ಇದು ನನಗೆ ಎಲ್ಲಕ್ಕಿಂತ ಅಪಾಯದ್ದಾಗಿ ಕಾಣುತ್ತದೆ: ಹಣ ಹಾಕಿರುತ್ತಾರೆ, ಹಿಡಿತ ಇರುವುದಿಲ್ಲ. ಸ್ವಿಸ್‌ಏರ್ ಹೀಗೆ ಯುರೋಪಿನ ದುರ್ಬಲ ಕಂಪನಿಗಳಲ್ಲಿ ಷೇರು ಹಿಡಿಯುತ್ತ ಹೋಗಿ 2001ರ ಅಕ್ಟೋಬರಿನಲ್ಲಿ ನೆಲ ಕಚ್ಚಿತು. ಎತಿಹಾದ್ ಜೆಟ್‌ನಲ್ಲಿ ಶೇ 24 ಕೊಂಡಿತ್ತು. ಜೆಟ್ 2019ರ ಏಪ್ರಿಲ್ 17ರಂದು ನಿಂತಿತು. ಮುಂಬಯಿಗೆ ಜೆಟ್ ಹಿಡಿದು ಅಲ್ಲಿಂದ ಮುಂದೆ ಹೋಗುವ ಅಭ್ಯಾಸವಿದ್ದ ನಮ್ಮ ಗಿರಾಕಿಗಳ ಫೈಲುಗಳು ಆ ವಾರ ನನ್ನ ಮೇಜಿನ ಮೇಲೆ ಗುಡ್ಡೆಯಾಗಿದ್ದವು.

ನನ್ನ ವಾದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನು ನಾನೇ ಕೊಡಬೇಕು. ಟಾಟಾ 2022ರ ಜನವರಿಯಲ್ಲಿ ಏರ್ ಇಂಡಿಯಾವನ್ನು ಕೈಗೆ ತೆಗೆದುಕೊಂಡ ಮೇಲೆ ಎರಡು ವಿಲೀನಗಳಾದವು: 2024ರ ಅಕ್ಟೋಬರ್ 1ರಂದು ಹಳೆಯ ಏರ್‌ಏಷ್ಯಾ ಇಂಡಿಯಾ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ, ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದೊಳಗೆ. ಎರಡನೆಯದರಲ್ಲಿ ದೆಹಲಿ–ಮುಂಬಯಿಯಂಥ ಮಾರ್ಗಗಳಲ್ಲಿ ಗೆರೆಯ ಮೇಲೆ ಗೆರೆ ಬಿದ್ದಿದೆ. ವಿಸ್ತಾರದಲ್ಲಿ ಪಾಲು ಹೊಂದಿದ್ದ ಸಿಂಗಪುರ್ ಏರ್‌ಲೈನ್ಸ್ ಏರ್ ಇಂಡಿಯಾದಲ್ಲಿ ಶೇ 25.1 ಪಾಲು ಪಡೆಯಿತು, ಅದಕ್ಕೆ ಭಾರತದೊಳಗೆ ಗಟ್ಟಿಯಾದ ಕಾಲು ಸಿಕ್ಕಿತು. ಮೊದಲನೆಯದು ಹಾಗಲ್ಲ. ಏರ್‌ಏಷ್ಯಾ ಇಂಡಿಯಾದ್ದು ದೇಶದೊಳಗಿನ ಜಾಲ, ಎಕ್ಸ್‌ಪ್ರೆಸ್‌ನದು ಮುಖ್ಯವಾಗಿ ಗಲ್ಫಿನದು. ಹಿಂದೆ ನಮ್ಮ ಪಾಲಿಗೆ ದುಬೈ, ಅಬುಧಾಬಿ ಎಂದರೆ ಮಾತ್ರ ನೆನಪಾಗುತ್ತಿದ್ದ ಎಕ್ಸ್‌ಪ್ರೆಸ್‌ನ ಹೆಸರು ಈಗ ಬೆಂಗಳೂರಿಗೆ ಹೋಗುವ ವಿಮಾನದ ಬೋರ್ಡಿನಲ್ಲೂ ಕಾಣುತ್ತದೆ. ತುದಿಗೆ ತುದಿ ಕೂಡಿದ ಇಂಥ ವಿಲೀನ ಮಂಗಳೂರಿಗೆ ಕೆಲಸಕ್ಕೆ ಬಂದಿದೆ ಎಂದು ಒಪ್ಪುತ್ತೇನೆ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದಾಗ, ಒಟ್ಟು ಎಷ್ಟು ನಗರಗಳು ಎಂಬ ದಪ್ಪಕ್ಷರದ ಸಂಖ್ಯೆಯನ್ನು ಬಿಟ್ಟು ವೇಳಾಪಟ್ಟಿಯನ್ನು ತೆರೆದು ನೋಡಿ. ಬಜ್ಪೆಯಿಂದ ಹೊರಟ ವಿಮಾನ ಮುಂಬಯಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಪಾಲುದಾರ ಕಂಪನಿಯ ವಿಮಾನ ಅದಾದ ಮೇಲೆ ಎರಡು-ಮೂರು ಗಂಟೆಯಲ್ಲಿ ಹೊರಡುತ್ತದೆಯೋ ಅಥವಾ ಹತ್ತು ಗಂಟೆ ಕಾಯಿಸುತ್ತದೆಯೋ, ಲಗೇಜಿನ ಚೀಟಿ ಕೊನೆಯ ಊರಿನವರೆಗೆ ಬರುತ್ತದೆಯೋ. ಈಗ ಇನ್ನೊಂದನ್ನೂ ಕೇಳಬೇಕಾಗಿದೆ. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿಯ ಹೊಸ ನಿಲ್ದಾಣ ಉದ್ಘಾಟನೆಯಾಗಿದೆ. ನಮ್ಮ ವಿಮಾನ ಅಲ್ಲಿ ಇಳಿದು, ಮುಂದಿನದು ಹಳೆಯ ನಿಲ್ದಾಣದಿಂದ ಹೊರಡುವುದಾದರೆ, ಟಿಕೆಟ್ ಒಂದೇ ಇದ್ದರೂ ಬ್ರಹ್ಮಾವರದ ಆ ಅಮ್ಮ ಹಪ್ಪಳದ ಪೆಟ್ಟಿಗೆಯನ್ನು ಮತ್ತೆ ಇಳಿಸಿಕೊಂಡು ಟ್ಯಾಕ್ಸಿ ಹುಡುಕಬೇಕಾಗುತ್ತದೆ.