ತಟ್ಟೆ ಬೇರೆ, ಉಗುರು ಕತ್ತರಿಸುವ ಕಟರ್ ಒಂದೇ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಏಳು ವರ್ಷದ ಹುಡುಗಿ. ಬೇರೆ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಲಿವರ್‌ಗೆ ತಗುಲುವ ವೈರಸ್ ಸೋಂಕು ಹೆಪಟೈಟಿಸ್ ಬಿ ಕಂಡುಬಂತು. ಆರು ತಿಂಗಳ ಮೇಲೂ ಎಚ್‌ಬಿಎಸ್‌ಎಜಿ (ರಕ್ತದಲ್ಲಿ ಈ ವೈರಸ್ ಇರುವುದನ್ನು ತೋರಿಸುವ ಗುರುತು) ಪಾಸಿಟಿವ್. ಅಂದರೆ ಸೋಂಕು ದೀರ್ಘಕಾಲದ್ದು. ಮೈಯಲ್ಲಿ ತೊಂದರೆಯೇನಿಲ್ಲ. ಮನೆಯಲ್ಲಿ ಮಾತ್ರ ಅವಳ ತಟ್ಟೆ-ಲೋಟ ಬೇರೆಯಾದವು, ತಮ್ಮನ ಪಕ್ಕ ಮಲಗುವುದು ನಿಂತಿತು. ಮಗು ಮಾತು ಬಿಟ್ಟಾಗ ಆಪ್ತಸಲಹೆಗೆ ಕರೆತಂದರು.

ಮೊದಲು ದೊಡ್ಡವರೊಂದಿಗಷ್ಟೇ ಮಾತು. "ನನ್ನಿಂದಲೇ ಬಂತಾ?" ಎಂದರು ತಾಯಿ, ಅವರದ್ದೂ ಪಾಸಿಟಿವ್. ಇಲ್ಲಿ ಸುಳ್ಳು ಸಮಾಧಾನ ಕೆಲಸಕ್ಕೆ ಬಾರದು. ಬಹುಶಃ ಹೆರಿಗೆಯಲ್ಲೇ ಬಂದಿದೆ, ಗೊತ್ತಿಲ್ಲದೆ ಆದದ್ದು ತಪ್ಪಲ್ಲ ಎಂದು ನೇರವಾಗಿ ಹೇಳಲಾಯಿತು. ಹುಟ್ಟುವಾಗ ಸೋಂಕು ತಗುಲಿದರೆ ಸುಮಾರು 90% ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ; ದೊಡ್ಡವರಲ್ಲಿ 5%ಕ್ಕಿಂತ ಕಡಿಮೆ. ಎಳೆಯ ದೇಹಕ್ಕೆ ವೈರಸ್ಸನ್ನು ಹೊರಗಟ್ಟುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ತಾಯಿಯ ಲಿವರ್ ತಪಾಸಣೆಯೂ ಆಗಬೇಕು. ಮಗುವಿನ ಗಡಿಬಿಡಿಯಲ್ಲಿ ಇದನ್ನೇ ಮರೆಯುತ್ತಾರೆ.

ತಟ್ಟೆ, ಅಪ್ಪುಗೆ, ಕೆಮ್ಮಿನಿಂದ ಇದು ಹರಡದು, ರಕ್ತದಿಂದ ಹರಡುತ್ತದೆ. ವಿಚಾರಿಸಿದರೆ, ತಟ್ಟೆ ಬೇರೆ ಮಾಡಿದ ಮನೆಯಲ್ಲಿ ಉಗುರು ಕತ್ತರಿಸುವ ಕಟರ್ ಎಲ್ಲರಿಗೂ ಒಂದೇ! ಕಟರ್, ಹಲ್ಲುಜ್ಜುವ ಬ್ರಷ್, ರೇಜರ್ ಪ್ರತ್ಯೇಕವಿರಲಿ. ಗಾಯವನ್ನು ಮುಚ್ಚಿಡಿ. ನೆಲಕ್ಕೆ ಬಿದ್ದ ರಕ್ತದಲ್ಲಿ ವೈರಸ್ ಏಳು ದಿನವಾದರೂ ಬದುಕಿರಬಲ್ಲದು. ಕೈಗವಸು ಹಾಕಿ ಒರೆಸಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಆ ಜಾಗಕ್ಕೆ ಹಾಕಿ ಹತ್ತು ನಿಮಿಷ ಬಿಡಿ.

ನಿಜವಾದ ಕಾವಲು ಲಸಿಕೆ. ತಂದೆ, ತಮ್ಮ, ಅಜ್ಜಿ ಮೂವರಿಗೂ ಮೊದಲು ಪರೀಕ್ಷೆ. ತಂದೆ, ಅಜ್ಜಿಗೆ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ: 0, 1, 6ನೇ ತಿಂಗಳಲ್ಲಿ ಮೂರು ಡೋಸ್, ಕೊನೆಯದಾದ ಒಂದೆರಡು ತಿಂಗಳಿಗೆ ಪ್ರತಿಕಾಯ ಪರೀಕ್ಷೆ. 10 mIU/mL ಅಥವಾ ಹೆಚ್ಚು ಬಂದರೆ ರಕ್ಷಣೆ ಸಿಕ್ಕಿದೆ. ತಮ್ಮನಿಗೆ ಹುಟ್ಟಿದಾಗಲೇ ಲಸಿಕೆಯಾಗಿತ್ತು, ರಕ್ಷಣೆ ಇತ್ತು.

ಔಷಧ ಯಾಕಿಲ್ಲ ಎಂದು ತಂದೆಗೆ ಸಿಟ್ಟು. ಲಿವರ್ ಕಿಣ್ವಗಳು ಸಹಜವಾಗಿದ್ದರೆ ಮಕ್ಕಳಲ್ಲಿ ಸಾಮಾನ್ಯವಾಗಿ ಕಾದುನೋಡುತ್ತಾರೆ. ಕಾಯುವುದೆಂದರೆ ಕೈಬಿಡುವುದಲ್ಲ, ತಜ್ಞರು ಹೇಳಿದಂತೆ ತಪ್ಪದೆ ರಕ್ತಪರೀಕ್ಷೆ. ಅಂಶ ಗೊತ್ತಿಲ್ಲದ "ಲಿವರ್ ಪುಡಿ" ಮಾತ್ರ ಬೇಡ, ಅದರಿಂದಲೇ ಲಿವರ್ ಕೆಟ್ಟವರಿದ್ದಾರೆ.

ಮಗುವಿಗೆ ಹೇಳಲು ಕೊಟ್ಟ ಮಾತು ಇಷ್ಟೇ: "ನಿನ್ನ ರಕ್ತದಲ್ಲಿ ಒಂದು ವೈರಸ್ ಇದೆ. ನೀನೇನೂ ತಪ್ಪು ಮಾಡಿಲ್ಲ. ರಕ್ತ ಬಂದರೆ ದೊಡ್ಡವರನ್ನು ಕರೆ, ಬೇರೆಯವರು ಮುಟ್ಟದಿರಲಿ." 'ಕೆಟ್ಟ ರಕ್ತ' ಎನ್ನಬಾರದು. ವೈದ್ಯರಿಗೆ, ದಂತವೈದ್ಯರಿಗೆ ತಿಳಿಸಬೇಕು. ಆಟದ ಗೆಳೆಯರ ಮನೆಗೆಲ್ಲ ಹೇಳಿ ಬರಬೇಕಿಲ್ಲ. ಬೇರೆ ತಟ್ಟೆಯನ್ನು ಅಜ್ಜಿಯೇ ತೆಗೆಯಲಿ, ಮಗುವಿನ ಎದುರಲ್ಲೇ, ಎಂದು ಒಪ್ಪಿಸಲಾಯಿತು. ಇಟ್ಟವರು ಅವರೇ ತಾನೆ.