ಕೆಂಪು ತ್ರಿಕೋನದ ಕಾರುಗಳು ಮತ್ತು ನಿಮ್ಮ ಮಗ

ನಿಮ್ಮ ಪತ್ರ ತಲುಪಿತು. ಆಗಸ್ಟ್‌ನಲ್ಲಿ ನೀವು ಮೂವರೂ ಬೆಂಗಳೂರು ಬಿಟ್ಟು ಸ್ವೀಡನ್ನಿನ ಡಾಲಾರ್ನಾ ಸೀಮೆಯ ಲುದ್ವಿಕಾಕ್ಕೆ ಬರುತ್ತಿರುವುದು ಸಂತೋಷ. ಮನೆ ನೋಡಲು ಮುಂಚಿತವಾಗಿ ಬಂದಿದ್ದ ನಿಮ್ಮ ಯಜಮಾನರು ಶುಕ್ರವಾರ ಸಂಜೆ ಪೇಟೆಯಲ್ಲಿ ಮೀಸೆ ಮೂಡದ ಹುಡುಗರು ಹಳೆಯ ವೋಲ್ವೋಗಳಲ್ಲಿ ಎದೆ ನಡುಗಿಸುವ ಹಾಡು ಹಾಕಿಕೊಂಡು ಸುತ್ತಿದ್ದಲ್ಲೇ ಸುತ್ತುತ್ತಿದ್ದುದನ್ನು ಕಂಡು ಗಾಬರಿಯಾದರೆಂದು ಬರೆದಿದ್ದೀರಿ. "ಅಕ್ಕ, ಅವರು ಪುಂಡರೇ? ಹದಿನೈದು ವರ್ಷಕ್ಕೇ ಅಲ್ಲಿ ಕಾರು ಓಡಿಸಬಹುದೇ? ಹದಿನಾಲ್ಕರ ನಮ್ಮ ಹುಡುಗ ಅಂಥ ಸಣ್ಣ ಊರಿನಲ್ಲಿ ಹೊತ್ತು ಹೇಗೆ ಕಳೆಯಬೇಕು?" ಎಂಬ ನಿಮ್ಮ ಮೂರು ಪ್ರಶ್ನೆಗಳಿಗೆ, ಈ ಊರಿನಲ್ಲಿ ಹದಿನೇಳು ಚಳಿಗಾಲ ಕಳೆದು ಒಬ್ಬ ಮಗನನ್ನು ಆ ವಯಸ್ಸು ದಾಟಿಸಿದವಳಾಗಿ ಉತ್ತರ ಬರೆಯುತ್ತಿದ್ದೇನೆ.

ಪುಂಡರಲ್ಲ. ಅವರು ಓಡಿಸುವುದು ಕಾನೂನಿನ ಲೆಕ್ಕದಲ್ಲಿ ಕಾರೂ ಅಲ್ಲ, ಟ್ರ್ಯಾಕ್ಟರ್. ಹಿಂದೆ ಕೆಂಪು ತ್ರಿಕೋನದ ಫಲಕ ಇದ್ದದ್ದನ್ನು ನಿಮ್ಮವರು ಗಮನಿಸಿರಬಹುದು; ನಿಧಾನಗತಿಯ ವಾಹನ ಎಂಬುದರ ಗುರುತು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವೀಡನ್ನಿನ ರೈತರಿಗೆ ಟ್ರ್ಯಾಕ್ಟರ್ ಸಿಗುವುದೇ ಕಷ್ಟವಾದಾಗ, ಹಳೆಯ ಕಾರಿನ ಹಿಂಭಾಗವನ್ನು ಕತ್ತರಿಸಿ, ಒಂದರ ಹಿಂದೆ ಇನ್ನೊಂದು ಗೇರ್ ಬಾಕ್ಸ್ ಜೋಡಿಸಿ ವೇಗ ತಗ್ಗಿಸಿ, ಹೊಲದ ಕೆಲಸಕ್ಕೆ ಇಳಿಸುವ ಪದ್ಧತಿಯನ್ನು ಸರ್ಕಾರ ಮಾನ್ಯ ಮಾಡಿತು. ಅಗ್ಗದ ಸಾಮಾನಿಗೆ ಹೆಸರಾಗಿದ್ದ 'ಎಪಾ' ಎಂಬ ಅಂಗಡಿಗಳ ಹೆಸರನ್ನೇ ಜನ ತಮಾಷೆಗೆ ಈ ಗಾಡಿಗೂ ಅಂಟಿಸಿದರು. ಯುದ್ಧ ಮುಗಿದು ರೈತರು ನಿಜವಾದ ಟ್ರ್ಯಾಕ್ಟರ್ ಕೊಂಡ ಮೇಲೆ ಎಪಾ ಹುಡುಗರ ಪಾಲಾಯಿತು. 1963ರಲ್ಲಿ 'ಆ-ಟ್ರಾಕ್ಟರ್' ಎಂಬ ಹೊಸ ವರ್ಗ ಬಂದಿತು, 1975ರಲ್ಲಿ ಹಳೆಯ ಬಗೆಯದರ ಹೊಸ ನೋಂದಣಿ ನಿಂತಿತು; ಆದರೂ ಇಂದಿಗೂ ಎಲ್ಲರ ಬಾಯಲ್ಲಿ ಅದು ಎಪಾವೇ.

ಹದಿನೈದು ತುಂಬಿದವರು ಮೊಪೆಡ್ಡಿನ ಲೈಸೆನ್ಸಿನಲ್ಲೇ ಇದನ್ನು ಓಡಿಸಬಹುದು. ಕನಿಷ್ಠ 12 ಗಂಟೆಗಳ ತರಬೇತಿ, ಬಳಿಕ ಲಿಖಿತ ಪರೀಕ್ಷೆ. ಗಾಡಿಯ ವೇಗ ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ. ನಿಜವಾದ ಕಾರಿಗೆ ಹದಿನೆಂಟು ತುಂಬಬೇಕು.

ಇನ್ನು, ಸುತ್ತಿದ್ದಲ್ಲೇ ಏಕೆ ಸುತ್ತುತ್ತಾರೆ ಎಂಬುದಕ್ಕೆ ನನಗೆ ತೋರುವ ಉತ್ತರ ಸರಳವಾಗಿದೆ: ಕೂರಲು ಅವರಿಗೆ ಬೇರೆ ಕಟ್ಟೆ ಇಲ್ಲ. ನಮ್ಮೂರಿನ ಹುಡುಗರಿಗೆ ಅರಳಿಕಟ್ಟೆಯೋ ಬೇಕರಿಯ ಮುಂದಿನ ಜಗಲಿಯೋ ಇರುತ್ತದೆ. ಜನವರಿಯಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುವ, ಆರು ಗಂಟೆಗೆ ಅಂಗಡಿಗಳು ಬಾಗಿಲು ಹಾಕುವ ಊರಿನಲ್ಲಿ ಹೀಟರ್ ಇರುವ, ಬಾಗಿಲು ಮುಚ್ಚಿಕೊಳ್ಳುವ, ದೊಡ್ಡವರು ಕಾಲಿಡದ ಒಂದೇ ಜಾಗವೆಂದರೆ ಎಪಾ. ಪೆಟ್ರೋಲ್ ಬಂಕಿನಿಂದ ರೈಲು ನಿಲ್ದಾಣ, ಅಲ್ಲಿಂದ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗ, ಮತ್ತೆ ಪೆಟ್ರೋಲ್ ಬಂಕು. ಅಲ್ಲಿ ಎರಡು ಗಾಡಿಗಳು ಎದುರುಬದುರು ಮುಖ ಮಾಡಿ, ಚಾಲಕರ ಕಿಟಕಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ನಿಂತು, ಅರ್ಧ ಗಂಟೆ ಮಾತುಕತೆ ನಡೆಯುತ್ತದೆ. ಹುಡುಗಿಯರೂ ಸಾಕಷ್ಟು ಮಂದಿ ಓಡಿಸುತ್ತಾರೆ. ಆ ಹಾಡುಗಳಿಗೆ 'ಎಪಾಡುಂಕ್' ಎಂಬ ಹೆಸರೇ ಇದೆ; ಸ್ವೀಡಿಷ್ ಅರ್ಥವಾಗದಿರುವಷ್ಟು ದಿನ ನೀವು ನೆಮ್ಮದಿಯಿಂದಿರುತ್ತೀರಿ, ಅರ್ಥವಾದ ಮೇಲೆ ನಿಮ್ಮ ಮಗನ ಮುಂದೆ ಅರ್ಥವಾಗದವರಂತೆ ಇರಬೇಕಾಗುತ್ತದೆ.

ಹೆದರಬೇಕಾದದ್ದು ಬೇರೆಯದಕ್ಕೆ. ಊರಿನ ಮೂಲಕ ಹಾದುಹೋಗುವ 50 ಮತ್ತು 66ನೇ ಹೆದ್ದಾರಿಗಳಲ್ಲಿ ಮರದ ದಿಮ್ಮಿ ತುಂಬಿದ ಲಾರಿಗಳು ಓಡುತ್ತವೆ. ಅವುಗಳ ಮುಂದೆ 30ರ ವೇಗದಲ್ಲಿ ತೆವಳುವ ಗಾಡಿ ಕತ್ತಲಿನಲ್ಲಿ ಕಾಣುವುದು ತಡವಾಗಿ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ: ವೇಗದ ಮಿತಿಯನ್ನು ಕಿತ್ತುಹಾಕಿ 80ರಲ್ಲಿ ಓಡಿಸುವವರಿದ್ದಾರೆ. 2020ರಲ್ಲಿ ನಿಯಮ ಸಡಿಲವಾಗಿ, ಗೇರ್ ಬಾಕ್ಸಿಗೆ ಕೈಹಾಕದೆ ಎಲೆಕ್ಟ್ರಾನಿಕ್ ವಿಧಾನದಿಂದಲೇ ವೇಗ ಕಟ್ಟಿಹಾಕಲು ಅನುಮತಿ ಸಿಕ್ಕ ಮೇಲೆ ಈ ಗಾಡಿಗಳ ಸಂಖ್ಯೆ ಒಮ್ಮೆಗೇ ಏರಿತು, ಅಪಘಾತಗಳೂ ಏರಿದವು. ಹಾಗಾಗಿ 2023ರಲ್ಲಿ ಕುಳಿತ ಪ್ರತಿಯೊಬ್ಬರಿಗೂ ಸೀಟು, ಬೆಲ್ಟು ಕಡ್ಡಾಯವಾಯಿತು. ಚಳಿಗಾಲದ ಟೈರುಗಳೂ ಕಡ್ಡಾಯವಾದವು.

ನನ್ನ ಮಗನಿಗೆ ಹದಿನೈದು ತುಂಬಿದ್ದು ಆ 2020ರಲ್ಲೇ. ತನ್ನ ತರಗತಿಯ ನಾಲ್ವರ ಬಳಿ ಎಪಾ ಇದೆ, ತನಗೂ ಬೇಕು ಎಂದ. ನಾವು ಕೊಡಿಸಲಿಲ್ಲ. ಎರಡು ವಾರ ಮಾತು ಬಿಟ್ಟ. ಆಮೇಲೆ ಗೆಳೆಯನ ಕೊಟ್ಟಿಗೆಯಲ್ಲಿ 1980ರ ದಶಕದ ಒಂದು ವೋಲ್ವೋ 240ನ್ನು ಬಿಚ್ಚುವ ಕೆಲಸಕ್ಕೆ ಸೇರಿಕೊಂಡ. ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ ಗ್ರೀಸು, ಜಾಕೆಟ್ಟಿನಲ್ಲಿ ಗೇರ್ ಎಣ್ಣೆಯ ವಾಸನೆ, ಬಾಯಿ ತುಂಬ ಡಾಲಾ ಸೀಮೆಯ ಸ್ವೀಡಿಷ್. ಶಾಲೆ ಇಷ್ಟು ವರ್ಷಗಳಲ್ಲಿ ಕಲಿಸದ ಆ ಆಡುಮಾತನ್ನು ಆ ಕೊಟ್ಟಿಗೆ ಒಂದೇ ಚಳಿಗಾಲದಲ್ಲಿ ಕಲಿಸಿತು. ಆದ್ದರಿಂದ ಗಾಡಿ ಕೊಡಿಸಬೇಡಿ, ಆದರೆ ಗಾಡಿ ಬಿಚ್ಚುವ ಕಡೆಗೆ ಹೋಗುವುದನ್ನು ತಡೆಯಬೇಡಿ ಎಂಬುದು ನನ್ನ ಅಭಿಪ್ರಾಯ. ಬೆಲ್ಟು ಹಾಕಿಕೊಂಡು, ನೀವು ಬಲ್ಲ ಹುಡುಗನ ಪಕ್ಕದಲ್ಲಿ, ಪೇಟೆಯೊಳಗೆ ಮಾತ್ರ ಕೂರಬಹುದು ಎಂಬ ಕರಾರು ನಮ್ಮ ಮನೆಯಲ್ಲಿತ್ತು.

ಹದಿನಾರಕ್ಕೆ ಕಾರಿನ ಅಭ್ಯಾಸ ಶುರು ಮಾಡಬಹುದು. ಪಕ್ಕದಲ್ಲಿ ಕೂರುವವರಿಗೆ 24 ವರ್ಷ ತುಂಬಿರಬೇಕು, ಕಳೆದ ಹತ್ತು ವರ್ಷಗಳಲ್ಲಿ ಐದು ವರ್ಷವಾದರೂ ಯುರೋಪಿನ ಲೈಸೆನ್ಸ್ ಇದ್ದಿರಬೇಕು. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಒಂದು ವರ್ಷದವರೆಗೆ ಮಾತ್ರ ನಡೆಯುತ್ತದೆ, ಅದನ್ನು ಬದಲಿಸಿಕೊಡುವುದಿಲ್ಲ. ಹೊಸದಾಗಿ ಪರೀಕ್ಷೆ ಬರೆಯಲೇಬೇಕು. ನಾನು ಮೈಸೂರಿನಲ್ಲಿ ಒಂಬತ್ತು ವರ್ಷ ಕಾರು ಓಡಿಸಿದ್ದ ಧೈರ್ಯದಿಂದ ಹೋಗಿ ಎರಡು ಸಲ ಫೇಲಾದೆ. ನಿಮ್ಮ ಮಗನಿಗೆ ಹದಿನಾರಾಗುವ ಹೊತ್ತಿಗೆ ನೀವಿಬ್ಬರೂ ಪಕ್ಕದಲ್ಲಿ ಕೂರಲು ಅರ್ಹರಾಗಿರುವುದಿಲ್ಲ, ಆದ್ದರಿಂದ ನೆರೆಹೊರೆಯವರ ಸ್ನೇಹವನ್ನು ಈಗಲೇ ಬೆಳೆಸಿಕೊಳ್ಳಿ.

ಕಾರಿನ ಹುಚ್ಚು ಹತ್ತಿದರೆ ಜುಲೈ ಕೊನೆಯ ಹೊತ್ತಿಗೆ ಇಲ್ಲಿಂದ ಸುಮಾರು 100 ಕಿ.ಮೀ. ದೂರದ ರೆಟ್ವಿಕ್‌ಗೆ ಕರೆದುಕೊಂಡು ಹೋಗಿ. ಅಲ್ಲಿನ ಕ್ಲಾಸಿಕ್ ಕಾರ್ ವೀಕ್‌ನಲ್ಲಿ 1950ರ ದಶಕದ ಅಮೆರಿಕನ್ ಕಾರುಗಳು ಸಾಲುಗಟ್ಟಿ ಸಂಜೆಯಿಡೀ ಮೆರವಣಿಗೆ ಹೋಗುತ್ತವೆ; ಒಳಗೆ ಕೂತಿರುವವರಲ್ಲಿ ಅನೇಕರು 'ರಗ್ಗರೆ' (ಹಳೆಯ ಅಮೆರಿಕನ್ ಕಾರುಗಳ ಹುಚ್ಚಿನ ಬಳಗ) ಎಂದು ಕರೆಸಿಕೊಳ್ಳುವ ಅಜ್ಜಂದಿರು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿರುತ್ತಾರೆ. ನಿಮ್ಮವರು ಪೇಟೆಯಲ್ಲಿ ಕಂಡದ್ದು ಇವರ ಮೊಮ್ಮಕ್ಕಳನ್ನು.

ಉಳಿದ ಹವ್ಯಾಸಗಳೆಲ್ಲ ಇಲ್ಲಿ ಸಂಘಗಳ ಮೂಲಕ ನಡೆಯುತ್ತವೆ: ಐಸ್ ಹಾಕಿ, ಇನ್ನೆಬಾಂಡಿ (ಒಳಾಂಗಣದಲ್ಲಿ ಆಡುವ ಹಾಕಿಯಂಥ ಆಟ), ಸ್ಕೀಯಿಂಗ್. ಶುಲ್ಕ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಪಂದ್ಯದ ದಿನ ಕಿಯೋಸ್ಕಿನಲ್ಲಿ ಕಾಫಿ ಮಾರುವ ಸರದಿ ತಾಯಂದಿರಿಗೂ ಬರುತ್ತದೆ. ಸಂಘಕ್ಕೆ ಹಣ ಕೂಡಿಸಲು ಟಾಯ್ಲೆಟ್ ಪೇಪರಿನ ಮೂಟೆಗಳನ್ನು ಪರಿಚಯದವರಿಗೆಲ್ಲ ಮಾರಬೇಕು, ನಮ್ಮ ಗ್ಯಾರೇಜಿನಲ್ಲಿ ಒಮ್ಮೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಮಗ ಪಿಟೀಲು ಕಲಿಯುತ್ತಿದ್ದಾನೆ ಎಂದಿದ್ದೀರಿ, ಅದನ್ನು ಖಂಡಿತ ಜೊತೆಗೆ ತನ್ನಿ. ಡಾಲಾರ್ನಾ ಪಿಟೀಲಿನ ಸೀಮೆ, ಬೇಸಿಗೆಯಲ್ಲಿ ಹಳ್ಳಿಹಳ್ಳಿಯಲ್ಲಿ ವಾದಕರು ಸೇರುತ್ತಾರೆ. ಸ್ಕೇಟ್ ಶೂಗಳನ್ನು ಮಾತ್ರ ಕೊಳ್ಳಬೇಡಿ. ನಮ್ಮ ಅಟ್ಟದಲ್ಲಿ 40, 41, 43ರ ಅಳತೆಯ ಮೂರು ಜೊತೆ ಇವೆ, ಮಗನ ಕಾಲಳತೆ ಬರೆದು ಕಳಿಸಿ.